ಡಾರ್ಕಸ್ ಹೇಸಿಕೊಂಡ ಮನೆ

ಡಾರ್ಕಸ್ ವಿಕೆನ್ಸ್ ತಾನು ಹುಟ್ಟಿದ ಮನೆಗೆ ಇಪ್ಪತ್ತೊಂದು ವರ್ಷದ ಮೇಲೆ ಬಂದಾಗ ಮೊದಲು ಮಾಡಿದ ಕೆಲಸ ಮೂಗು ಮುಚ್ಚಿಕೊಂಡದ್ದು. ಎರಡನೆಯದು ಉಗುಳಿದ್ದು. ಹೊಸ್ತಿಲ ಮೇಲಲ್ಲ, ಪಕ್ಕದಲ್ಲಿ ಬೆಳೆದಿದ್ದ ತುರಿಕೆ ಗಿಡಗಳ ಮೇಲೆ. ಅಷ್ಟರ ಮಟ್ಟಿಗೆ ಶಿಸ್ತಿನ ಹೆಂಗಸು. ಆಗ ಆಕೆಗೆ ನಲವತ್ತಾರು ವರ್ಷ. ನಾನು ಇಪ್ಪತ್ತಾರರ ಬಡಗಿ. ಆಕೆಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆತಂದವನು ನಾನೇ.

ಅದು 1974. ಸಸೆಕ್ಸಿನ ನಮ್ಮ ಕಡೆ ರಸ್ತೆ ಅಗಲ ಮಾಡುವವರಿದ್ದರು. ಗಾಸ್ಲಿಂಗ್ಸ್ ಎಂಬ ಹಳೇ ರೈತರ ಮನೆ ಆ ರಸ್ತೆಗೆ ಸರಿಯಾಗಿ ಅಡ್ಡ ನಿಂತಿತ್ತು. ನಾನು ಕೆಲಸಕ್ಕಿದ್ದದ್ದು ಒಂದು ಬಯಲು ಸಂಗ್ರಹಾಲಯದಲ್ಲಿ. ಹೀಗೆ ಬೀಳಲಿರುವ ಮನೆಗಳನ್ನು ಬಿಚ್ಚಿ ತಂದು ಗುಡ್ಡದ ಇಳಿಜಾರಿನಲ್ಲಿ ಮತ್ತೆ ನಿಲ್ಲಿಸುವುದು ನಮ್ಮ ಕಸುಬು. ಒಳಗೆ ಯಾವುದು ಎಲ್ಲಿತ್ತು ಅಂತ ತೋರಿಸಲು ಹಿಂದೆ ಅಲ್ಲಿ ವಾಸವಿದ್ದವರು ಯಾರಾದರೂ ಬೇಕು ಎಂದು ಪತ್ರಿಕೆಯಲ್ಲಿ ಹಾಕಿಸಿದ್ದೆವು. ಬಂದದ್ದು ಒಂದೇ ಉತ್ತರ.

ನಮ್ಮ ಯಜಮಾನರು ಮಿಸ್ಟರ್ ಲ್ಯಾಂಬರ್ನ್, ಮನೆಗಳ ವಿಷಯದಲ್ಲಿ ಭಾರಿ ಓದಿದವರು. ನಾವು ಹೋದಾಗ ಅಟ್ಟದಿಂದ ಏಣಿ ಇಳಿದು ಬರುತ್ತಿದ್ದರು. ಮುಖವೆಲ್ಲ ಮಸಿ. ಹಬ್ಬದ ದಿನದ ಮಗುವಿನ ಹಾಗೆ ಹಲ್ಲು ಕಿರಿಯುತ್ತಿದ್ದರು.

"ಮಿಸೆಸ್ ವಿಕೆನ್ಸ್! ಬನ್ನಿ ಬನ್ನಿ. ಮೇಲೆ ಜಂತೆಗಳೆಲ್ಲ ಇದ್ದಲಾಗಿವೆ. ಐನೂರು ವರ್ಷದ ಮಸಿ! ಇಷ್ಟು ಚೆನ್ನಾಗಿ ಉಳಿದಿರೋದು ನಾನೆಲ್ಲೂ ನೋಡಿಲ್ಲ."

"ಗೊತ್ತು," ಅಂದಳು ಡಾರ್ಕಸ್. "ಅದನ್ನ ತಿಂದ್ಕೊಂಡು ಬೆಳೆದೋಳು ನಾನು."

ಲ್ಯಾಂಬರ್ನ್ ನಕ್ಕರು. ಆಕೆ ನಗಲಿಲ್ಲ.

"ಇದನ್ನ ಬಿಚ್ಚೋದು ಯಾಕೆ? ಒಂದು ಡಬ್ಬ ಸೀಮೆಎಣ್ಣೆ ಹೊಯ್ದು ಕಡ್ಡಿ ಗೀರಿ. ಮಧ್ಯಾಹ್ನದ ಊಟಕ್ಕೆ ಮನೆ ಸೇರ್ಕೋಬಹುದು."

ಆಕೆ ಏಕೆ ಹಾಗೆಂದಳು ಎಂಬುದು ತಿಳಿಯಲು ನನಗೆ ಕೆಲವು ವರ್ಷ ಬೇಕಾದವು. ತುಂಡು ತುಂಡಾಗಿ, ಹೆಚ್ಚಾಗಿ ಚಹಾದ ಹೊತ್ತಿನಲ್ಲಿ, ಆಕೆ ಹೇಳಿದ್ದನ್ನು ಒಟ್ಟುಮಾಡಿ ಇಲ್ಲಿ ಹೇಳುತ್ತೇನೆ.

ಗಾಸ್ಲಿಂಗ್ಸ್ ಒಂದು ಕಾಲಕ್ಕೆ ಉಳ್ಳವರ ಮನೆಯೇ. ದಪ್ಪ ಓಕ್ ಕಂಬ ನಿಲ್ಲಿಸಿ, ತೊಲೆಯ ನಾಲಿಗೆಯನ್ನು ಕಂಬದ ತೂತಿಗೆ ಕೂರಿಸಿ, ಮರದ ಗೂಟ ಬಡಿದು ಕಟ್ಟಿದ್ದು. ಇಡೀ ಚೌಕಟ್ಟಿಗೆ ಒಂದು ಮೊಳೆಯಿಲ್ಲ. ಕಂಬಗಳ ನಡುವೆ ಕಡ್ಡಿ ಹೆಣೆದ ತಡಿಕೆ, ತಡಿಕೆಗೆ ಮೆತ್ತಿದ ಮಣ್ಣು. ನಡುಮನೆ ನೆಲದಿಂದ ಹೆಂಚಿನವರೆಗೆ ಒಂದೇ ಬಯಲು. ನೆಲದ ಮಧ್ಯೆ ಬೆಂಕಿ. ಹೊಗೆ ತನಗೆ ತೋಚಿದ ಸಂದಿಯಲ್ಲಿ ಆಚೆ ಹೋಗುತ್ತಿತ್ತು. ನೂರು ವರ್ಷದ ಮೇಲೆ ಯಾರೋ ಇಟ್ಟಿಗೆ ಚಿಮಣಿ ಕಟ್ಟಿಸಿದರು, ನಡುಮನೆಗೆ ಅಡ್ಡ ಹಲಗೆ ಹಾಸಿ ಮೇಲೊಂದು ಕೋಣೆ ಮಾಡಿಸಿದರು. ಕಾಲ ಇಳಿಯಿತು, ಜಮೀನು ದೊಡ್ಡ ಎಸ್ಟೇಟಿನ ಪಾಲಾಯಿತು. ಮನೆಯನ್ನು ಆಳುಗಳಿಗೆಂದು ಮೂರು ಪಾಲು ಮಾಡಿ ಹಲಗೆಯ ಗೋಡೆ ನಿಲ್ಲಿಸಿದರು. ಒಂದು ತುದಿಗೆ ಒಬ್ಬ ವಿಧವೆ ಮುದುಕಿ, ಇನ್ನೊಂದು ತುದಿಗೆ ಫನೆಲ್ ಸಂಸಾರ, ನಡುವೆ ಎಸ್ಟೇಟಿನ ಹಸು ನೋಡಿಕೊಳ್ಳುತ್ತಿದ್ದ ಹೋಡ್ಲಿ. ಈ ಹೋಡ್ಲಿಯ ಎರಡನೆಯ ಮಗಳು ಡಾರ್ಕಸ್. ಗಂಡ ಹೆಂಡತಿ, ಐದು ಮಕ್ಕಳು. ಕೆಳಗೊಂದು ಕೋಣೆ, ಮೇಲೊಂದು.

ಮೇಲಿನ ಕೋಣೆಗೂ ಮಾಡಿಗೂ ನಡುವೆ ಇದ್ದದ್ದು ಬಿರುಕುಬಿಟ್ಟ ಗಿಲಾವಿನ ಒಂದು ತೆಳು ಪದರ. ನೈಋತ್ಯದ ಗಾಳಿ ಬೀಸಿದರೆ ಜಂತೆಗೆ ಕಟ್ಟಿದ್ದ ಇಲ್ಲಣ, ಆ ಹಳೇ ಮಸಿ, ಉದುರಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಒಣಗಿದ್ದಲ್ಲ, ಜಿಡ್ಡು ಜಿಡ್ಡು. ತಲೆದಿಂಬಿಗೆ ಅಂಟಿ, ಕುತ್ತಿಗೆಯ ಮಡಿಕೆಗೆ ಸೇರಿ, ಶನಿವಾರದ ಸ್ನಾನದ ತನಕ ಅಲ್ಲೇ ಇರುತ್ತಿತ್ತು. ಶಾಲೆಯಲ್ಲಿ ಆಕೆಗೆ ಇಟ್ಟ ಹೆಸರು ಕಿಪ್ಪರ್, ಅಂದರೆ ಹೊಗೆ ಹಾಕಿದ ಮೀನು. ಪಕ್ಕದಲ್ಲಿ ಕೂತ ಹುಡುಗಿ ಮೂಗಿನ ಮೇಲೆ ಬೆರಳಿಟ್ಟು, "ಟೀಚರ್, ಕಿಪ್ಪರ್ ನಾತ ಹೊಡೀತಿದೆ," ಅಂತಿದ್ದಳಂತೆ. ಟೀಚರ್ ಬೈಯುವುದು ಬಿಟ್ಟು ಕಿಟಕಿ ತೆಗೆಯುತ್ತಿದ್ದಳಂತೆ.

ಇಲಿಗಳದು ಇನ್ನೊಂದು ಕಥೆ. ತಡಿಕೆಗೂ ಗೋಡೆಗೆ ಅಂಟಿಸಿದ ಕಾಗದಕ್ಕೂ ನಡುವೆ ಅವು ಓಡಾಡುತ್ತಿದ್ದವು. ಓಡುವಾಗ ಕಾಗದ ಉಬ್ಬುತ್ತ ಹೋಗುವುದು ಕಾಣುತ್ತಿತ್ತು. ಒಮ್ಮೆ ಅಪ್ಪ ಆ ಉಬ್ಬಿಗೆ ಸಲಿಕೆಯಲ್ಲಿ ಬಡಿದ. ಇಲಿ ಗೋಡೆಯ ಒಳಗೇ ಸತ್ತಿತು. ಗೋಡೆ ಒಡೆಯಲು ಎಸ್ಟೇಟಿನ ಅಪ್ಪಣೆ ಬೇಕು. ಮೂರು ವಾರ ಆ ಹೆಣದ ನಾತದಲ್ಲಿ ಊಟ ಮಾಡಿದರು. ಕಾಗದದ ಮೇಲೆ ಒಂದು ಕಂದು ಕಲೆ ಮೂಡಿ, ದಿನಕ್ಕಿಷ್ಟು ದೊಡ್ಡದಾಗಿ, ನಡುವೆ ತೇವವಾಯಿತು. ಅಮ್ಮ ಮೈದಾ ಅಂಟು ಕಲಸಿ ಅದರ ಮೇಲೆ ಇನ್ನೊಂದು ಕಾಗದ ಹಚ್ಚಿದಳು. ಹೀಗೇ ಹನ್ನೊಂದು ಪದರ. ಅಂಟು ತಿನ್ನಲು ಬೆಳ್ಳಿ ಹುಳ, ಬೆಳ್ಳಿ ಹುಳ ತಿನ್ನಲು ಜೇಡ.

ಒಲೆಯ ಮೇಲೆ ಕುರಿಮಾಂಸದ ಸಾರು ಕುದಿಯುವಾಗ ಮೇಲಿಂದ ಮಣ್ಣಿನ ಹೆಂಟೆ ಕಳಚಿ ಅದರೊಳಗೆ ಬೀಳುವುದಿತ್ತು. ಮಣ್ಣೆಂದರೆ ಬರೀ ಮಣ್ಣಲ್ಲ. ಸಗಣಿ, ಹುಲ್ಲು, ಯಾವುದೋ ಕಾಲದ ಹಸುವಿನ ಕೂದಲು. ಅಮ್ಮ ಹೆಂಟೆಯನ್ನು ಸೌಟಿನಲ್ಲಿ ಎತ್ತಿ ಹಾಕಿ ಬಡಿಸುತ್ತಿದ್ದಳು. "ಕೂದ್ಲು ಸಿಕ್ರೆ ಕೂದ್ಲು ಉಗೀರಿ, ಸಾರು ಉಗಿದ್ರೆ ಬೆನ್ನಿಗೆ ಬೀಳುತ್ತೆ," ಎಂಬುದು ಆ ಮನೆಯ ಊಟದ ಪ್ರಾರ್ಥನೆ.

ಬಿದ್ದ ಗೋಡೆಗೆ ಪ್ರತಿ ಶರತ್ಕಾಲ ಹೊಸ ಮಣ್ಣು ಮೆತ್ತಬೇಕು. ಎಸ್ಟೇಟಿನವರು ಒಂದು ಗಾಡಿ ಜೇಡಿಮಣ್ಣು ಸುರಿದು ಹೋಗುತ್ತಿದ್ದರು. ಸಗಣಿ ಅಪ್ಪನ ಕೊಟ್ಟಿಗೆಯಿಂದ. ಮಕ್ಕಳು ಬರಿಗಾಲಲ್ಲಿ ಇಳಿದು ತುಳಿಯಬೇಕು, ಬೆರಳ ಸಂದಿಯಲ್ಲಿ ಪಿಚಕ್ಕನೆ ಬರುವವರೆಗೆ. ಅಕ್ಟೋಬರಿನ ಚಳಿ. ಡಾರ್ಕಸಳ ಕಾಲಿನ ಸಂದಿ ಒಡೆದು, ಕೀವಾಗಿ, ಮುಟ್ಟಿದರೆ ಜೀವ ಹೋಗುತ್ತಿತ್ತು. ತಂಗಿಗೆ ಅದು ಆಟ, ಆಕೆಗೆ ವಾಂತಿ.

ಆ ಮನೆಯಲ್ಲಿ ಚೊಕ್ಕಟವಾದದ್ದು ಒಂದೇ ಒಂದು: ಮೇಲಿನ ಕೋಣೆಯ ಹಲಗೆ ನೆಲ. ಶನಿವಾರ ಶನಿವಾರ ಅಮ್ಮ ಮಂಡಿಯೂರಿ, ಸೋಡ, ಮರಳು ಹಾಕಿ, ಬ್ರಷ್ಷಿನಲ್ಲಿ ಉಜ್ಜುತ್ತಿದ್ದಳು. ಹಲಗೆ ಬ್ರೆಡ್ಡಿನ ಒಳಗಿನ ಹಾಗೆ ಬೆಳ್ಳಗಾಗಿತ್ತಂತೆ. ಗೋಡೆ, ಮಾಡು, ತೊಲೆ ಎಲ್ಲ ಎಸ್ಟೇಟಿನದು, ಆ ಬಿಳುಪು ಮಾತ್ರ ಅಮ್ಮನದು. ಐವತ್ತು ತುಂಬುವ ಮೊದಲೇ ಅಮ್ಮ ಎದೆಯ ರೋಗದಲ್ಲಿ ಹೋದಳು. ಮನೆಯ ತೇವ ಅಂದರು ಡಾಕ್ಟರು. 1953ರಲ್ಲಿ ಮನುಷ್ಯರ ವಾಸಕ್ಕೆ ತಕ್ಕದ್ದಲ್ಲ ಎಂದು ಮನೆಗೆ ನೋಟಿಸು ಅಂಟಿಸಿದರು. ಡಾರ್ಕಸ್ ಆಗ ಬಸ್ ಡ್ರೈವರ್ ಸ್ಟ್ಯಾನ್ ವಿಕೆನ್ಸನ ಹೆಂಡತಿ, ಅದೇ ಕೋಣೆಯಲ್ಲೇ ಸಂಸಾರ. ಸರ್ಕಾರದವರು ಊರಿನಲ್ಲಿ ಇಟ್ಟಿಗೆ ಮನೆ ಕೊಟ್ಟರು. ನಲ್ಲಿ ತಿರುಗಿಸಿದರೆ ಬಿಸಿನೀರು. ಮೊದಲ ವಾರ ಆಕೆ ದಿನಕ್ಕೆರಡು ಸಲ ಸ್ನಾನ ಮಾಡಿದಳು. ಗಂಡ, "ಹೀಗೇ ಆದ್ರೆ ನೀನು ಕರಗಿ ಮೋರಿಗೆ ಹೋಗ್ತೀಯ ಕಣೇ," ಅಂದನಂತೆ.

ಇಂಥವಳು ನಮ್ಮ ಜಾಹೀರಾತಿಗೆ ಉತ್ತರ ಬರೆದದ್ದು ಯಾಕೆ ಅಂತ ನಾನು ವ್ಯಾನಿನಲ್ಲೇ ಕೇಳಿದ್ದೆ.

"ಬೀಳೋದನ್ನ ಕಣ್ಣಾರೆ ನೋಡೋಣ ಅಂತ," ಅಂದಿದ್ದಳು.

ಬಿಚ್ಚುವ ಕೆಲಸಕ್ಕೆ ಏಳು ವಾರ ಹಿಡಿಯಿತು. ಹೆಂಚು ಇಳಿಸಿ, ಪ್ರತಿ ಮರಕ್ಕೂ ನಂಬರಿನ ತಗಡು ಹೊಡೆದು, ಗೂಟಗಳನ್ನು ಹಿಂದಿನಿಂದ ಬಡಿದು ಕಳಚಿದೆವು. ನೆಲಕ್ಕೆ ಮಲಗಿಸಿದ್ದ ಅಡಿತೊಲೆ ಮುಟ್ಟಿದರೆ ನೆನೆದ ಕೇಕಿನ ಹಾಗೆ ಕೈಗೆ ಬರುತ್ತಿತ್ತು. ಒಳಗೆ ಕೊಬ್ಬಿದ ಬಿಳಿ ಹುಳಗಳು ಮಿಜಿಗುಡುತ್ತಿದ್ದವು. ತಡಿಕೆ ಒಡೆದಾಗ ಇಲಿಗಳ ಗೂಡು, ಒಣಗಿದ ಹಿಕ್ಕೆ, ಒಂದಕ್ಕೊಂದು ಅಂಟಿಕೊಂಡ ಮರಿಗಳ ಎಲುಬು ಬುಟ್ಟಿ ಬುಟ್ಟಿ ಬಂದವು. ನಾನು ಆ ಬೇಸಿಗೆಯಲ್ಲಿ ಎಷ್ಟು ಸಲ ಕೈ ತೊಳೆದರೂ ಸ್ಯಾಂಡ್‌ವಿಚ್ಚಿನಲ್ಲಿ ಅದೇ ರುಚಿ. ಡಾರ್ಕಸ್ ವಾರಕ್ಕೊಮ್ಮೆ ಬಂದು, ಬೇಲಿಯ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು, ನಾಟಕ ನೋಡುವವಳ ಹಾಗೆ ಕೂರುತ್ತಿದ್ದಳು. ತೊಲೆ ಇಳಿದಾಗಲೆಲ್ಲ "ಹ್ಞಾಂ," ಅನ್ನುತ್ತಿದ್ದಳು.

ಮೂರನೆಯ ವಾರ ಆದದ್ದು ಬೇರೆ. ಮನೆಯನ್ನು ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೆ ನಿಲ್ಲಿಸಬೇಕು ಎಂಬುದು ಲ್ಯಾಂಬರ್ನರ ಹಟ. ಚಿಮಣಿ, ಮೇಲಿನ ಕೋಣೆ, ಮೆಟ್ಟಿಲು, ಹಲಗೆ ಗೋಡೆ, ಒಲೆ ಎಲ್ಲವನ್ನೂ "ಆಮೇಲೆ ಸೇರಿಸಿದ್ದು" ಎಂದು ಪಟ್ಟಿ ಮಾಡಿದ್ದರು. ಆಮೇಲಿನದಕ್ಕೆ ಜಾಗ ಅಂಗಳದ ಬೆಂಕಿ. ಆ ಬೆಂಕಿಗೆ ಎಸೆಯುತ್ತಿದ್ದವನು ನಾನು.

ಡಾರ್ಕಸ್ ಕುರ್ಚಿಯಿಂದ ಎದ್ದು ಬಂದಳು.

"ಏ ಕ್ಲಿಫ್, ಕೈಲಿರೋದೇನು?"

"ಪೈನ್ ಹಲಗೆ, ಮಿಸೆಸ್ ವಿಕೆನ್ಸ್. ಆಮೇಲಿನದು."

"ಯಾವುದರ ಆಮೇಲೆ?"

ಆಕೆ ಹಲಗೆಯ ಮೇಲೆ ಅಂಗೈ ಸವರಿದಳು. ಇಪ್ಪತ್ತು ವರ್ಷದ ಹಕ್ಕಿ ಹಿಕ್ಕೆ, ಧೂಳು. ಅದನ್ನು ಹೆಬ್ಬೆರಳಿನಲ್ಲಿ ಕೆರೆದರೆ ಕೆಳಗೆ ಬಿಳುಪು. ಅಷ್ಟರಲ್ಲಿ ಲ್ಯಾಂಬರ್ನ್ ಬಂದರು.

"ನಾನು ಸುಡಿ ಅಂದಿದ್ದು ಅದನ್ನ," ಅಂದಳು ಡಾರ್ಕಸ್, ಬಟ್ಟೆ ಸುತ್ತಿ ಲಾರಿಯಲ್ಲಿ ಜೋಪಾನವಾಗಿ ಮಲಗಿಸಿದ್ದ ಕರಿ ಜಂತೆಗಳ ಕಡೆ ಬೆರಳು ಮಾಡಿ. "ಕೊಳಕನ್ನೆಲ್ಲ ಮಗೂ ಥರ ಕಂಬಳೀಲಿ ಸುತ್ತಿದೀರಿ. ತೊಳೆದಿದ್ದನ್ನ ಬೆಂಕಿಗೆ ಹಾಕ್ತಿದೀರಿ. ನಿಮ್ಮಮ್ಮ ನಿಮ್ಗೆ ಏನು ಕಲಿಸಿದ್ಲು?"

ಲ್ಯಾಂಬರ್ನ್ ಮೆತ್ತಗಾದರು. "ಬೇಕಿದ್ರೆ ಒಂದೆರಡು ಹಲಗೆ ತಗೊಂಡ್ ಹೋಗಿ, ಮಿಸೆಸ್ ವಿಕೆನ್ಸ್. ನೆನಪಿಗೆ."

"ತಗೊಂಡ್ ಹೋಗಿ ಎಲ್ಲಿ ಹಾಕ್ಲಿ? ಟೀವಿ ಮೇಲಾ?"

ನನ್ನ ಕೈಯಿಂದ ಹಲಗೆ ಕಸಿದು ತಾನೇ ಬೆಂಕಿಗೆ ಎಸೆದಳು. ಕುರ್ಚಿ ಮಡಿಸಿಕೊಂಡು ಬಸ್ಸು ಹಿಡಿದು ಹೋದಳು. ಮತ್ತೆ ನಾಲ್ಕು ವರ್ಷ ಕಾಣಿಸಲಿಲ್ಲ. ನನಗೆ ಮಾತ್ರ ಆ ದಿನದಿಂದ ಆ ಬೆಂಕಿಯ ಹತ್ತಿರ ನಿಲ್ಲಲು ಒಂಥರಾ ಹೇಸಿಗೆ. ಇಲಿಯ ಎಲುಬು ಮುಟ್ಟಿದಾಗ ಆದದ್ದಕ್ಕಿಂತ ಅದು ಹೆಚ್ಚು.

ಮನೆ ಗುಡ್ಡದ ಮೇಲೆ ಎದ್ದು ನಿಂತಿತು. ಚೆನ್ನಾಗಿಯೇ ನಿಂತಿತು, ನನ್ನ ಕೆಲಸವೂ ಅದರಲ್ಲಿದೆ, ಸುಳ್ಳು ಹೇಳುವುದಿಲ್ಲ. ಕೊಳೆತ ಅಡಿತೊಲೆಯ ಜಾಗಕ್ಕೆ ಹೊಸ ಓಕ್ ಕೂರಿಸಿದೆವು. ಹಳೇ ಬಡಗಿಗಳು ಉಳಿಯಲ್ಲಿ ಗೀಚಿದ ಗುರುತು ನೋಡಿಕೊಂಡು ಕಂಬಕ್ಕೆ ತೊಲೆ ಸೇರಿಸಿದೆವು. ನಡುಮನೆ ಮತ್ತೆ ಬಯಲಾಯಿತು. ನೆಲಕ್ಕೆ ಹುಲ್ಲು ಹಾಸಿ, ನಡುವೆ ಬೆಂಕಿ ಹಾಕಿ, ಬಾಗಿಲ ಪಕ್ಕ "ಅನುಕೂಲಸ್ಥ ರೈತನ ಮನೆ, ಸುಮಾರು 1470" ಎಂದು ಫಲಕ ನಿಲ್ಲಿಸಿದರು.

ಬಾಗಿಲು ತೆರೆದ ದಿನ ಡಾರ್ಕಸ್ ಬಂದಳು, ಒಳ್ಳೇ ಕೋಟು, ಟೋಪಿ. ಫಲಕ ಓದಿದಳು. ಒಳಗೆ ಹೋಗಿ ಕತ್ತೆತ್ತಿ ನೋಡಿದಳು. ಪಕ್ಕದಲ್ಲಿ ಒಬ್ಬ ಮೇಡಂ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತ, "ಆಹಾ, ಈ ಹೊಗೆಯ ಪರಿಮಳ! ಎಷ್ಟು ನಿರ್ಮಲವಾಗಿ ಬದುಕ್ತಿದ್ರು ಆಗ," ಅಂದರು.

"ಏನಮ್ಮ, ಒಂದು ರಾತ್ರಿ ಇಲ್ಲೇ ಮಲಗಿ ನೋಡ್ತೀರಾ?" ಅಂದಳು ಡಾರ್ಕಸ್. "ಬೆಳಗ್ಗೆ ಮೂಗು ಸೀಟಿ, ಕರ್ಚೀಫು ತೋರ್ಸಿ. ಆಮೇಲೆ ನಿರ್ಮಲದ ಮಾತಾಡೋಣ."

ಮೇಡಂ ಸರಿದು ಹೋದರು. ಡಾರ್ಕಸ್ ನನ್ನ ತೋಳು ಹಿಡಿದು ಮೇಲೆ, ಏನೂ ಇಲ್ಲದ ಕಡೆ, ಬೆರಳು ತೋರಿಸಿದಳು.

"ಕ್ಲಿಫ್, ಅಲ್ಲಿ. ಆ ಗಾಳೀಲಿ ನಾನು ಹುಟ್ಟಿದ್ದು. ಅಮ್ಮ ಸತ್ತಿದ್ದೂ ಅಲ್ಲೇ. ಎಷ್ಟು ಸೊಗಸಾಗಿ ಒರೆಸಿ ಹಾಕಿದೀರಿ ನೋಡು. ನಾವು ಇದ್ದೇ ಇರ್ಲಿಲ್ಲ."

ಮುಂದಿನ ತಿಂಗಳು ಸಂಗ್ರಹಾಲಯದವರು ಮನೆಗಳನ್ನು ಗುಡಿಸಿ ಕಾಯಲು ಆಳು ಬೇಕೆಂದರು. ಡಾರ್ಕಸ್ ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆ ಆ ವರ್ಷವೇ ಮುಚ್ಚಿತ್ತು. ಅರ್ಜಿ ಹಾಕಿದಳು, ಗಾಸ್ಲಿಂಗ್ಸ್ ಆಕೆಯ ಪಾಲಿಗೇ ಬಂತು. ನನಗೆ ತಲೆಬುಡ ತಿಳಿಯಲಿಲ್ಲ.

"ನಿಮಗೆ ಅದನ್ನ ಕಂಡ್ರೆ ಆಗಲ್ವಲ್ಲ?"

"ಆಗಲ್ಲ. ಆದ್ರೆ ಬಂದೋರೆಲ್ಲ ಆಹಾ ಅಂತಾರೆ. ಒಬ್ರಾದ್ರೂ ಅಲ್ಲಿ ನಿಂತು ಥೂ ಅನ್ನಬೇಡ್ವಾ?"

ಅಂದಳು, ಅಂದಂತೆ ಮಾಡಿದಳು. ನೀಲಿ ಮೇಲಂಗಿ ತೊಟ್ಟು, ಕೈಯಲ್ಲಿ ಪೊರಕೆ ಹಿಡಿದು, ಬಂದವರಿಗೆಲ್ಲ ಇಲಿಯ ಕಥೆ, ಸಾರಿನ ಕಥೆ, ಮೂರು ಸಂಸಾರಕ್ಕೆ ಒಂದೇ ಕಕ್ಕಸಿದ್ದ ಕಥೆ ಹೇಳಿದಳು. ಮಕ್ಕಳಿಗೆ ಭಾರಿ ಖುಷಿ. ತೂಕದ ಜನಕ್ಕೆ ಆಗಲಿಲ್ಲ. ಮೂರು ದೂರು ಬಂದ ಮೇಲೆ ಲ್ಯಾಂಬರ್ನ್ ಆಕೆಯನ್ನು ಕರೆಸಿದರು. ನಾನು ಆಗ ಅವರ ಕಚೇರಿಯ ಕಿಟಕಿ ರಿಪೇರಿ ಮಾಡುತ್ತಿದ್ದೆ, ಎಲ್ಲ ಕೇಳಿಸಿತು.

"ಮಿಸೆಸ್ ವಿಕೆನ್ಸ್, ಈ ಮನೆಗೆ ಐನೂರು ವರ್ಷ. ನೀವಿದ್ದಿದ್ದು ಇಪ್ಪತ್ತೈದು."

"ಹೌದು. ಉಳಿದೋರು ಬಂದ್ರೆ ಅವರ್ನೂ ಕೇಳಿ. ಯಾರಾದ್ರೂ ಬಂದ್ರಾ?"

"ಚಿಮಣಿ ಬಂದ ಮೇಲಿನ ಮಾತು ಇಲ್ಲಿಗೆ ಸಂಬಂಧ ಇಲ್ಲ. ದಯವಿಟ್ಟು."

"ಸರಿ ಸಾರ್. ಹಾಗಾದ್ರೆ ಚಿಮಣಿಗಿಂತ ಮುಂಚೆ ಅವರು ಎಲ್ಲಿ ಹೇತರು ಅಂತ ಬರ್ಕೊಡಿ, ಅದನ್ನೇ ಹೇಳ್ತೀನಿ."

ಲ್ಯಾಂಬರ್ನರ ಕಿವಿ ಕೆಂಪಾಯಿತು. ಕೆಲಸದಿಂದ ತೆಗೆಯಲಿಲ್ಲ, ಆಕೆಯಷ್ಟು ಚೊಕ್ಕಟವಾಗಿ ಗುಡಿಸುವವರು ಸಿಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕು ಎಂದು ಆಜ್ಞೆಯಾಯಿತು. ಆಕೆ ಮುಚ್ಚಿದಳು, ಆದರೆ ಯಾರಾದರೂ ಆಹಾ ಅಂದಾಗಲೆಲ್ಲ ಮೂಗಿನ ಮೇಲೆ ಕರ್ಚೀಫು ಇಟ್ಟುಕೊಳ್ಳತೊಡಗಿದಳು.

ಎರಡನೆಯ ಚಳಿಗಾಲಕ್ಕೆ ಗೋಡೆಗಳು ಕೈಕೊಟ್ಟವು. ತಡಿಕೆಗೆ ಮೆತ್ತಿದ ಮಣ್ಣು ಬಿರಿದು ಹಪ್ಪಳ ಹಪ್ಪಳವಾಗಿ ಕಳಚಿತು. ಬಂದವರ ಮೂಗಿಗೆ ಹಿಡಿಸದು ಎಂದು ಲ್ಯಾಂಬರ್ನ್ ಸಗಣಿ ಬಿಡಿಸಿ, ಹುಲ್ಲು ಕಡಿಮೆ ಮಾಡಿ, ಯಂತ್ರದಲ್ಲಿ ಕಲಸಿದ್ದರು. ಮಾರ್ಚಿನಲ್ಲಿ ಮತ್ತೆ ಮೆತ್ತಿಸಿದರು, ಮತ್ತೆ ಬಿತ್ತು. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ ಮೇಲೆ ಒಂದು ಬೆಳಿಗ್ಗೆ ಅವರು ಪೊರಕೆ ಹಿಡಿದು ನಿಂತಿದ್ದ ಆಕೆಯ ಮುಂದೆ ಬಂದು ನಿಂತರು.

"ಮಿಸೆಸ್ ವಿಕೆನ್ಸ್, ನೀವು ಇದನ್ನ ಮಾಡಿದ್ದೀರಿ ಅಲ್ವಾ?"

"ಹದಿನಾಲ್ಕು ವರ್ಷ."

"ಒಂದು ಸಲ ತೋರಿಸ್ತೀರಾ?"

ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಮುಖ ಹುಳಿ ಕುಡಿದವಳ ಹಾಗಿತ್ತು. "ತೋರಿಸೋ ಅಂಥದ್ದಲ್ಲ ಅದು. ಇಳಿಬೇಕು. ನಾನಿಳಿದ್ರೆ ನೀವೂ ಇಳೀಬೇಕು. ಬರಿಗಾಲಲ್ಲಿ."

ಗುಂಡಿ ತೋಡಿ ಜೇಡಿ ಸುರಿದೆವು. ಪಕ್ಕದ ಹಟ್ಟಿಯಿಂದ ಮೂರು ಬಂಡಿ ಸಗಣಿ ತಂದೆ. ಹಸಿಯದು, ಹಸಿರು, ಹಬೆಯಾಡುತ್ತಿತ್ತು. ಡಾರ್ಕಸ್ ಸ್ಟಾಕಿಂಗ್ಸ್ ಬಿಚ್ಚಿ, ಲಂಗ ಎತ್ತಿ ಕಟ್ಟಿ, ಹಲ್ಲು ಕಚ್ಚಿಕೊಂಡು ಕಾಲಿಟ್ಟಳು. ಆಕೆಯ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸಿತು. ಲ್ಯಾಂಬರ್ನ್ ಕಾರ್ಡುರಾಯ್ ಪ್ಯಾಂಟು ಮಡಚಿ ಇಳಿದರು. ಮೊದಲ ಐದು ನಿಮಿಷ ನಗುತ್ತಿದ್ದರು.

"ಹಿಮ್ಮಡೀಲಿ ತುಳೀರಿ ಸಾರ್. ಹಿಮ್ಮಡೀಲಿ. ಹಸು ಮೇಲೆ ಕನಿಕರ ಬೇಡ, ಅದರದ್ದು ಅದು ಹಾಕಿ ಆಯ್ತು."

ಹುಲ್ಲು ಹಾಕಿದೆ, ನೀರು ಹಾಕಿದೆ. ಅರ್ಧ ಗಂಟೆಯಾಯಿತು. ರಾಡಿ ಮೊಣಕಾಲಿಗೆ ಬಂತು. ಡಾರ್ಕಸ್ ಬಗ್ಗಿ ಒಂದು ಹಿಡಿ ಎತ್ತಿ, ಹಿಂಡಿ, ಮೂಸಿ, ಅವರ ಮೂಗಿನ ಹತ್ತಿರ ಹಿಡಿದಳು. "ಹುಳಿ ವಾಸನೆ ಬಂದ್ರೆ ಹದ. ಬಂತಾ?"

ಬಂದಿರಬೇಕು. ಲ್ಯಾಂಬರ್ನ್ ಗುಂಡಿಯ ಅಂಚಿಗೆ ಬಗ್ಗಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದರು. ಎರಡು ಸಲ. ಡಾರ್ಕಸ್ ಅವರ ಬೆನ್ನು ಸವರಲಿಲ್ಲ, ನಗಲೂ ಇಲ್ಲ. "ಪರವಾಗಿಲ್ಲ, ಅದೂ ಸೇರ್ಲಿ. ನಾನೂ ಸೇರಿಸ್ತಿದ್ದೆ," ಅಂದಳು.

ಆಮೇಲೆ ಹಿತ್ತಲ ನಲ್ಲಿಯ ಹತ್ತಿರ ಇಬ್ಬರೂ ಡೆಟಾಲು ಹಾಕಿ ಕಾಲು ತೊಳೆದುಕೊಂಡರು. ಆಕೆ ಬೆರಳ ಸಂದಿಗಳನ್ನು ಒಂದೊಂದಾಗಿ, ರಕ್ತ ಬರುವ ಹಾಗೆ ಉಜ್ಜುತ್ತಿದ್ದಳು. ಲ್ಯಾಂಬರ್ನ್ ಅದನ್ನೇ ನೋಡುತ್ತಿದ್ದರು.

"ಪ್ರತಿ ವರ್ಷಾನಾ?" ಅಂದರು.

"ಪ್ರತಿ ವರ್ಷ."

"ಎಷ್ಟನೇ ವಯಸ್ಸಿಂದ?"

"ಐದು."

ಅವರು ಟವೆಲು ಕೊಟ್ಟರು. ಅದೂ ಮಸಿಯಾಗಿತ್ತು, ಆಕೆ ತೆಗೆದುಕೊಳ್ಳಲಿಲ್ಲ, ತನ್ನ ಪೆಟಿಕೋಟಿನ ಅಂಚಿಗೇ ಒರೆಸಿಕೊಂಡಳು. ಆ ಮಣ್ಣು ಈಗಲೂ ಗೋಡೆಯಲ್ಲಿ ಭದ್ರವಾಗಿದೆ.

ಎರಡು ವಾರದ ನಂತರ ಬಾಗಿಲ ಒಳಗೆ, ಎಡಕ್ಕೆ, ಇನ್ನೊಂದು ಫಲಕ ಬಂತು. ದೊಡ್ಡದಲ್ಲ. 1953ರವರೆಗೆ ಈ ಮನೆಯಲ್ಲಿ ಮೂರು ಆಳು ಸಂಸಾರಗಳು ಸರಳ ಬದುಕು ನಡೆಸಿದವು ಎಂದು ಬರೆದು, ಡಾರ್ಕಸ್ ಹೇಳಿದ್ದ ಹೆಸರುಗಳನ್ನೆಲ್ಲ ಹಾಕಿದ್ದರು. ಡಾರ್ಕಸ್ ಕನ್ನಡಕ ಹಾಕಿಕೊಂಡು ಓದಿದಳು. ಅಮ್ಮನ ಹೆಸರು ಬಂದಲ್ಲಿ ನಿಂತಳು. ಮತ್ತೆ ಮೊದಲಿಂದ ಓದಿದಳು. ಆಲೂಗಡ್ಡೆ ಸುಲಿಯುವ ಚಾಕು ಚೀಲದಲ್ಲೇ ಇತ್ತು, ತೆಗೆದು "ಸರಳ" ಎಂಬ ಪದವನ್ನು ಕೆರೆದು ಹಾಕಿದಳು. ಲ್ಯಾಂಬರ್ನ್ ನೋಡಿದರು. ಮತ್ತೆ ಬರೆಸಲಿಲ್ಲ.

ಇಲಿಯ ಕಥೆ ಮತ್ತೆ ಶುರುವಾಯಿತು. ಯಾರೂ ತಡೆಯಲಿಲ್ಲ.

ಆ ಫಲಕ ಓದಿ ಒಂದು ಭಾನುವಾರ ಸಿಡ್ ಫನೆಲ್ ಅನ್ನುವವನು ಬಂದ, ಪಕ್ಕದ ಪಾಲಿನಲ್ಲಿದ್ದವರ ಮಗ. ಬೋಳುತಲೆ, ದಪ್ಪ ಹೊಟ್ಟೆ, ಬಡಾಯಿ. ಇವಳನ್ನು ನೋಡಿದವನೇ, "ಯಾರು, ಕಿಪ್ಪರ್ ಹೋಡ್ಲಿ ಅಲ್ವಾ?" ಅಂದ.

"ಹೌದು ಕಣೋ. ನೀನು ಕಕ್ಕಸ್ ಬಕೆಟ್ಟು ಖಾಲಿ ಮಾಡ್ದೆ ಓಡಿಹೋಗ್ತಿದ್ದ ಸಿಡ್ ಅಲ್ವಾ?"

"ಸುಳ್ಳು! ಅದು ನಿಮ್ಮ ಪಾಳಿ. ನಮ್ಮದು ಮಂಗಳವಾರ."

"ನಿಮ್ಮದು ಮಂಗಳವಾರ ಅಂತ ನಿಮ್ಮಪ್ಪನೇ ಹೇಳ್ತಿದ್ದ, ಬುಧವಾರದ ತನಕ ತುಂಬಿ ಹರೀತಿತ್ತು. ನಮ್ಮಮ್ಮ ಬಾಯಿಗೆ ಬಟ್ಟೆ ಕಟ್ಕೊಂಡು ಎತ್ತುತಿದ್ಲು."

"ನಿಮ್ಮಮ್ಮ ದೇವತೆ, ನಮ್ಮಮ್ಮ ದೆವ್ವಾನಾ? ನಿಮ್ಮ ಮನೆ ಬಚ್ಚಲ ನೀರು ನಮ್ಮ ಗೋಡೆ ಕೆಳಗೆ ಬರ್ತಿತ್ತಲ್ಲ, ಅದನ್ಯಾರು ಎತ್ತುತಿದ್ರು?"

ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದರು. ಇದು ಏರ್ಪಾಡಿನ ಆಟ ಎಂದುಕೊಂಡು ಒಬ್ಬಾತ ಚಪ್ಪಾಳೆ ತಟ್ಟಿದ. ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ದುರುಗುಟ್ಟಿ ನೋಡಿದರು. ಪಾಪ, ಅವನ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಸಿಡ್ ಸದ್ದು ಇಳಿಸಿ, "ನಮ್ಮ ತಂಗಿ ಜೋನ್ ಆ ಮೂಲೇಲಿ ಹೋಗಿದ್ದು. ಗಂಟಲು ಬೇನೆ. ಅವಳಿಗಾಗ ಆರು ವರ್ಷ," ಅಂದ. "ಗೊತ್ತು," ಅಂದಳು ಡಾರ್ಕಸ್. "ಅವಳ ಹೆಸರೂ ಹಾಕ್ಸಿದೀನಿ. ಕೆಳಗಿನ ಸಾಲು ಓದು." ಅವನು ಓದುತ್ತ ನಿಂತ. ಮಂಗಳವಾರದ ವಿಷಯ ಮಾತ್ರ ಕೊನೆಗೂ ಇತ್ಯರ್ಥವಾಗಲಿಲ್ಲ.

ಅರವತ್ತಾದಾಗ ಆಕೆ ಕೆಲಸ ಬಿಟ್ಟಳು. ಲ್ಯಾಂಬರ್ನ್ ಬೀಳ್ಕೊಡುಗೆಯನ್ನು ಗಾಸ್ಲಿಂಗ್ಸ್ ನಡುಮನೆಯಲ್ಲಿ ಮಾಡೋಣ ಅಂದದ್ದಕ್ಕೆ, "ಅಲ್ಲಿ ಹಾಕಿದ ಕೇಕು ನಾನು ತಿನ್ನಲ್ಲ," ಅಂದು ಕಚೇರಿಯ ಕ್ಯಾಂಟೀನಿನಲ್ಲಿ ಮಾಡಿಸಿಕೊಂಡಳು. ಸ್ಟ್ಯಾನ್ ತೀರಿಕೊಂಡ ಮೇಲೆ ಸಮುದ್ರದ ದಂಡೆಯ ಊರಿನಲ್ಲಿ ಒಂದು ಫ್ಲ್ಯಾಟ್ ಹಿಡಿದಳು. ಆರನೆಯ ಮಹಡಿ, ಕಾಂಕ್ರೀಟು, ಒಂದು ಕಡ್ಡಿ ಮರವಿಲ್ಲ. ವರ್ಷಕ್ಕೊಮ್ಮೆ ನಾನು ಹೋಗಿ ಬರುತ್ತಿದ್ದೆ. ತನ್ನ ಗಂಡನ ಹಲ್ಲಿನ ಕಥೆ, ಲಿಫ್ಟಿನಲ್ಲಿ ಮೂತ್ರ ಮಾಡುವವರ ಕಥೆ, ಎದುರು ಮನೆಯ ನಾಯಿಯ ಕಥೆ ಹೇಳುತ್ತಿದ್ದಳು. ಗಾಸ್ಲಿಂಗ್ಸ್ ಸುದ್ದಿ ಒಮ್ಮೆಯೂ ಕೇಳಿದವಳಲ್ಲ.

ಕೊನೆಯ ಸಲ ಹೋದಾಗ ಡಬ್ಬದ ಸಾಲ್ಮನ್ ಮೀನಿನ ಸ್ಯಾಂಡ್‌ವಿಚ್, ಸೌತೆಕಾಯಿ, ಚಹಾ ಇಟ್ಟಿದ್ದಳು. ಮೇಜುಬಟ್ಟೆಗೆ ಇಸ್ತ್ರಿ ಮಾಡಿದ ಗೆರೆ ಹಾಗೇ ಇತ್ತು. ಮಾತಿಗೆ ಮಾತು ಬಂದು ನಾನೇ ಬಾಯಿ ತಪ್ಪಿದೆ. ಮನೆಯ ಪಶ್ಚಿಮದ ಕಂಬಕ್ಕೆ ಕುಟ್ಟೆ ಹುಳ ಬಿದ್ದಿದೆ, ಕೊರೆದು ನೋಡಿದಾಗ ಒಳಗಿಂದ ಬೊಗಸೆಗಟ್ಟಲೆ ಪುಡಿ, ಅದರ ಜೊತೆ ಇಷ್ಟಿಷ್ಟುದ್ದದ...

ಡಾರ್ಕಸ್ ಸ್ಯಾಂಡ್‌ವಿಚ್ಚಿರುವ ತಟ್ಟೆಯನ್ನು ನನ್ನ ಕಡೆಯಿಂದ ತನ್ನ ಕಡೆಗೆ ಎಳೆದುಕೊಂಡಳು.

"ಮಗಾ," ಅಂದಳು, "ನಾನು ಊಟ ಮಾಡ್ತಿದೀನಿ."